ಮರೆತ ಖಾತೆಯ ಹಿಂಬಾಗಿಲು

ಒಂದು ರಾತ್ರಿ ಮಲಗುವ ಹೊತ್ತಿಗೆ ತಂಗಿ ಫೋನ್ ಮಾಡಿದಳು. "ಅಣ್ಣ, ನಿನ್ನ ಹಳೇ ಮೇಲ್‌ನಿಂದ ದುಡ್ಡು ಕೇಳಿಕೊಂಡು ಒಂದು ಪತ್ರ ಬಂದಿದೆ. ನೀನೇ ಕಳಿಸಿದ್ದಾ?" ಎಂದು ಕೇಳಿದಳು. ಅಲ್ಲವೆಂದೆ. "ನನಗೂ ಹಾಗೇ ಅನ್ನಿಸ್ತು. ಇಷ್ಟು ವರ್ಷದಲ್ಲಿ ನೀನು ನನ್ನನ್ನ ಒಂದು ದಿನಾನಾದ್ರೂ 'ಪ್ರಿಯ ಸಹೋದರಿ' ಅಂತ ಕರೆದಿದ್ದೀಯಾ?" ಎಂದು ನಕ್ಕಳು. ಪ್ರಯಾಣದಲ್ಲಿ ನನ್ನ ಫೋನೂ ಚೀಲವೂ ಕಳೆದುಹೋಗಿವೆ, ಹಾಗಾಗಿ ಕರೆ ಮಾಡಿ ಪ್ರಯೋಜನವಿಲ್ಲ, ಕೆಳಗೆ ಕೊಟ್ಟಿರುವ ಬ್ಯಾಂಕ್ ಖಾತೆಗೆ ತುರ್ತಾಗಿ ಹಣ ಹಾಕಬೇಕು ಎಂದು ಆ ಪತ್ರದಲ್ಲಿತ್ತು. ಕರೆ ಮಾಡಬೇಡವೆಂಬ ಮಾತೇ ಅವಳಿಗೆ ಕರೆ ಮಾಡುವ ಬುದ್ಧಿ ಕೊಟ್ಟದ್ದರಿಂದ ಹಣ ಉಳಿಯಿತು. ಮುಂದಿನ ಮೂರು ತಿಂಗಳು ನಾನು ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ನಾನು ವಿದ್ಯಾರ್ಥಿಯಾಗಿದ್ದಾಗ ತೆರೆದ ಮೊದಲ ಇಮೇಲ್ ಖಾತೆ. ಏಳೆಂಟು ವರ್ಷಗಳಿಂದ ಅದನ್ನು ಇಣುಕಿಯೂ ನೋಡಿರಲಿಲ್ಲ. ಬಳಸದ ಖಾತೆಯಲ್ಲಿ ಕದಿಯುವುದಕ್ಕೆ ಏನಿದ್ದೀತು ಎಂಬ ಉಡಾಫೆಯಿಂದಲೇ ಆ ರಾತ್ರಿ ಲಾಗಿನ್ ಆಗಲು ಹೋದೆ. ನನ್ನ ಹಳೆಯ ಪಾಸ್‌ವರ್ಡ್ ಇನ್ನೂ ನಡೆಯುತ್ತಿತ್ತು. ಒಳಗೆ ಬಂದವನು ಅದನ್ನು ಬದಲಿಸಿರಲಿಲ್ಲ. ಬದಲಿಸಿದ್ದರೆ ನನಗೆ ಗೊತ್ತಾಗುತ್ತಿತ್ತು, ಗೊತ್ತಾಗದಂತೆ ಕುಳಿತಿರುವುದರಲ್ಲೇ ಅವನಿಗೆ ಲಾಭ. ನಾನು ಕೂಡಲೇ ಹೊಸ ಪಾಸ್‌ವರ್ಡ್ ಇಟ್ಟು, ಕೆಲಸ ಮುಗಿಯಿತೆಂದು ಮಲಗಿದೆ.

ಮುಗಿದಿರಲಿಲ್ಲ. ಮರುದಿನ ಮಧ್ಯಾಹ್ನ ಹಳೆಯ ಸಹಪಾಠಿಯೊಬ್ಬರಿಗೂ ಅದೇ ಪತ್ರ ಅದೇ ಖಾತೆಯಿಂದ ಹೋಯಿತು. ಆಗ ನಾನು ಆ ಖಾತೆಯ ಸೆಟ್ಟಿಂಗ್ಸ್ ಪುಟಗಳನ್ನು ಒಂದೊಂದಾಗಿ, ಸಾಲುಸಾಲಾಗಿ ಓದಿದೆ. ಹಿಂದೆಂದೂ ಮಾಡದ ಕೆಲಸವದು. ಬರುವ ಪ್ರತಿಯೊಂದು ಪತ್ರದ ಪ್ರತಿಯೂ ನನಗೆ ಗುರುತಿಲ್ಲದ ವಿಳಾಸವೊಂದಕ್ಕೆ ತಾನಾಗಿ ಹೋಗುವಂತೆ ಫಾರ್ವರ್ಡಿಂಗ್ ಹಾಕಿತ್ತು. 'ಭದ್ರತೆ', 'ಪಾಸ್‌ವರ್ಡ್' ಎಂಬ ಅರ್ಥದ ಪದಗಳಿರುವ ಪತ್ರಗಳೆಲ್ಲ ನನ್ನ ಕಣ್ಣಿಗೆ ಬೀಳುವ ಮೊದಲೇ ಕಸದ ಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಇತ್ತು. ನಾನು ಕಳಿಸುವ ಪತ್ರಕ್ಕೆ ಯಾರಾದರೂ ಉತ್ತರ ಬರೆದರೆ ಅದು ಹೋಗುತ್ತಿದ್ದುದು ನನ್ನ ವಿಳಾಸದಂತೆಯೇ ಕಾಣುವ, ಆದರೆ ಒಂದು ಅಕ್ಷರ ಹೆಚ್ಚಿಗೆ ಇರುವ ಬೇರೊಂದು ವಿಳಾಸಕ್ಕೆ. ಇವಲ್ಲದೆ, ಖಾತೆಯ ಪರವಾಗಿ ಪತ್ರ ಓದಲು ಮತ್ತು ಕಳಿಸಲು ಯಾವುದೋ ಆ್ಯಪ್‌ಗೆ ಅನುಮತಿ ಕೊಡಲಾಗಿತ್ತು. ಇಂಥ ಅನುಮತಿ ಒಮ್ಮೆ ಸಿಕ್ಕರೆ ಆ ಆ್ಯಪ್‌ಗೆ ಪಾಸ್‌ವರ್ಡಿನ ಹಂಗಿರುವುದಿಲ್ಲ. ಅನೇಕ ಸೇವೆಗಳಲ್ಲಿ ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಊರ್ಜಿತವಾಗಿಯೇ ಇರುತ್ತದೆ. ನಾನು ಮುಂಬಾಗಿಲಿನ ಬೀಗ ಬದಲಿಸಿ ನಿದ್ದೆ ಮಾಡಿದ್ದೆ, ಅವನು ಮನೆಯೊಳಗೇ ಇದ್ದ.

ಫಾರ್ವರ್ಡಿಂಗ್ ತೆಗೆದೆ, ಫಿಲ್ಟರ್ ಅಳಿಸಿದೆ, ಆ್ಯಪ್‌ಗಳ ಅನುಮತಿಯನ್ನೆಲ್ಲ ಹಿಂತೆಗೆದುಕೊಂಡೆ, 'ಎಲ್ಲ ಸಾಧನಗಳಿಂದ ಲಾಗೌಟ್' ಎಂಬುದನ್ನು ಒತ್ತಿ, ಆಮೇಲೆ ಪಾಸ್‌ವರ್ಡನ್ನು ಮತ್ತೊಮ್ಮೆ ಬದಲಿಸಿದೆ. ಅದಕ್ಕೂ ಮೊದಲು ಆ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೆ. ದೂರು ಬರೆಯುವಾಗ ನನ್ನ ಬಳಿ ಉಳಿದಿದ್ದ ಪುರಾವೆ ಅದೊಂದೇ.

ಎದೆ ನಿಜವಾಗಿ ಡವಗುಟ್ಟಿದ್ದು ಅದಾದ ಮೇಲೆ. ಈಗ ಬಳಸುತ್ತಿರುವ ಮುಖ್ಯ ಇಮೇಲ್ ಖಾತೆಯ ಲಾಗಿನ್ ಪುಟಕ್ಕೆ ಹೋಗಿ, ಕಳ್ಳನ ಜಾಗದಲ್ಲಿ ನಿಂತು, 'ಪಾಸ್‌ವರ್ಡ್ ಮರೆತಿದ್ದೀರಾ?' ಎಂಬುದನ್ನು ನಾನೇ ಒತ್ತಿ ನೋಡಿದೆ. ನಡುನಡುವೆ ಚುಕ್ಕಿ ಹಾಕಿ ಮರೆಮಾಡಿದ್ದ ವಿಳಾಸವೊಂದಕ್ಕೆ ಕೋಡ್ ಕಳಿಸಲೇ ಎಂದು ಅದು ಕೇಳಿತು. ಮೊದಲ ಅಕ್ಷರ, ಕೊನೆಯ ಅಕ್ಷರ, ಚುಕ್ಕಿಗಳ ನಂತರದ ಹೆಸರು ಎಲ್ಲವೂ ಹೊಂದಿದವು: ಅದು ಆ ಹಳೆಯ ಖಾತೆಯೇ. ಹೊಸ ಖಾತೆ ತೆರೆಯುವಾಗ, ಆಗ ನನ್ನ ಬಳಿ ಇದ್ದ ಇನ್ನೊಂದೇ ವಿಳಾಸವನ್ನು ರಿಕವರಿಗೆಂದು ಕೊಟ್ಟು, ಕೊಟ್ಟದ್ದನ್ನೇ ಮರೆತಿದ್ದೆ. ಬ್ಯಾಂಕು, ವಿಮೆ, ಕಚೇರಿ, ಫೋಟೋಗಳು, ಎಲ್ಲವೂ ಮುಖ್ಯ ಖಾತೆಗೆ ಕಟ್ಟಿಕೊಂಡಿದ್ದವು. ಮುಖ್ಯ ಖಾತೆ ಹಳೆಯ ಖಾತೆಗೆ ಕಟ್ಟಿಕೊಂಡಿತ್ತು. ಹಳೆಯ ಖಾತೆಯಲ್ಲಿ ಯಾರೋ ವಾಸವಾಗಿದ್ದರು. ಅವನು ಈ ಒಂದು ಗುಂಡಿ ಒತ್ತಲಿಲ್ಲವೆಂಬುದು ನನ್ನ ಪುಣ್ಯ, ಅಷ್ಟೆ.

ಆ ರಿಕವರಿ ವಿಳಾಸವನ್ನು ಅಲ್ಲೇ ತೆಗೆದು, ಒಂದು ದೊಡ್ಡ ಹಾಳೆ ಹಾಸಿಕೊಂಡು ಕುಳಿತೆ. ನನಗಿರುವ ಖಾತೆಗಳ ಹೆಸರು ಬರೆದು, ಯಾವುದನ್ನು ಹಿಡಿದರೆ ಯಾವುದನ್ನು ತೆರೆಯಬಹುದು ಎಂದು ಬಾಣದ ಗುರುತು ಹಾಕತೊಡಗಿದೆ. ನೆನಪಿನಿಂದ ಬರೆದದ್ದು ಮೂವತ್ತೋ ಮೂವತ್ತೆರಡೋ. ಆಮೇಲೆ ಎರಡೂ ಮೇಲ್ ಖಾತೆಗಳಲ್ಲಿ 'ಸ್ವಾಗತ', 'ನಿಮ್ಮ ಖಾತೆಯನ್ನು ದೃಢಪಡಿಸಿ' ಎಂಬ ಅರ್ಥದ ಪದಗಳನ್ನು ಹುಡುಕಿದಾಗ ಲೆಕ್ಕ 141ಕ್ಕೆ ಹೋಯಿತು. ಒಂದೇ ಸಲ ಏನನ್ನೋ ಕೊಂಡ ಅಂಗಡಿಗಳು, ಒಂದೇ ರಾತ್ರಿ ಆಡಿ ಬಿಟ್ಟ ಆಟಗಳು, ಯಾರದೋ ಮಾತು ಕೇಳಿ ಸೇರಿದ ಉದ್ಯೋಗದ ತಾಣಗಳು. ಹಾಳೆಯ ಮೇಲೆ ಬಾಣಗಳು ಹೆಚ್ಚುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ರಾಚುತ್ತಿತ್ತು: ನಾನು ಇಷ್ಟು ದಿನ ತಲೆ ಕೆಡಿಸಿಕೊಂಡದ್ದೆಲ್ಲ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬುದರ ಬಗ್ಗೆ, ಆದರೆ ಹೆಚ್ಚಿನ ಬಾಣಗಳು ಪಾಸ್‌ವರ್ಡನ್ನು ಮುಟ್ಟುತ್ತಲೇ ಇರಲಿಲ್ಲ, ಅವು ಮರೆತವರಿಗಾಗಿ ಇಟ್ಟ ಬಾಗಿಲಿನಿಂದ ಹೋಗುತ್ತಿದ್ದವು.

ಇದು ಹೊಸ ವಿಷಯವೇನಲ್ಲ. 2012ರಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಕರ್ತ ಮ್ಯಾಟ್ ಹೋನನ್ ಅವರ ಡಿಜಿಟಲ್ ಬದುಕು ಸುಮಾರು ಒಂದು ಗಂಟೆಯೊಳಗೆ ನಾಶವಾದದ್ದು ಇಂಥದೇ ಸರಪಳಿಯಿಂದ. ಒಂದು ಕಂಪನಿ ಮುಖ್ಯವಲ್ಲವೆಂದು ತೆರೆದಿಟ್ಟಿದ್ದ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನೇ ಮತ್ತೊಂದು ಕಂಪನಿ ಗುರುತಿನ ಪುರಾವೆಯೆಂದು ಒಪ್ಪಿಕೊಳ್ಳುತ್ತಿತ್ತು. ಯಾರೂ ಅವರ ಪಾಸ್‌ವರ್ಡನ್ನು ಊಹಿಸಲಿಲ್ಲ, ಮುರಿಯಲಿಲ್ಲ. ಕಳ್ಳರು ಅವರ ಸೋಗಿನಲ್ಲಿ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ಮಾತಾಡಿದರು. ಹೋನನ್ ಅವರ ಫೋನ್, ಲ್ಯಾಪ್‌ಟಾಪ್ ಎರಡನ್ನೂ ದೂರದಿಂದಲೇ ಅಳಿಸಿಹಾಕಿದರು.

ನನ್ನ ಖಾತೆಗೆ ಅವನು ಹೇಗೆ ನುಗ್ಗಿದ ಎಂಬುದಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞರು 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' (Have I Been Pwned) ಎಂಬ ತಾಣದಲ್ಲಿ ನಮ್ಮ ಇಮೇಲ್ ವಿಳಾಸ ಕೊಟ್ಟರೆ, ಬಯಲಿಗೆ ಬಂದಿರುವ ಯಾವ ಯಾವ ಸೋರಿಕೆಗಳಲ್ಲಿ ಅದು ಸೇರಿದೆ ಎಂದು ತಿಳಿಯುತ್ತದೆ. ನನ್ನ ಹಳೆಯ ವಿಳಾಸ ಐದು ಕಡೆ ಇತ್ತು. ಅವುಗಳಲ್ಲಿ ಒಂದರಲ್ಲಂತೂ ಪಾಸ್‌ವರ್ಡ್ ಸಹಿತವಾಗಿ. ಆ ತಾಣದಲ್ಲಿ ಬಳಸಿದ್ದ ಪಾಸ್‌ವರ್ಡನ್ನೇ ಮೇಲ್ ಖಾತೆಗೂ ಇಟ್ಟಿದ್ದೆ. ಹೀಗೆ ಸೋರಿದ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ರಾಶಿ ಹಾಕಿಕೊಂಡು, ಯಂತ್ರದ ಕೈಯಿಂದ ನೂರಾರು ತಾಣಗಳಲ್ಲಿ ಒಂದೊಂದನ್ನೂ ತಿರುವಿ ನೋಡುತ್ತಾರೆ. ಲಕ್ಷದಲ್ಲಿ ಕೆಲವು ತೆರೆದುಕೊಂಡರೂ ಅವರಿಗೆ ಸಾಕು. ಯಾರೋ ನನ್ನನ್ನೇ ಗುರಿಯಿಟ್ಟರೆಂದು ಮೊದಲು ಅಂದುಕೊಂಡಿದ್ದೆ. ನಾನು ಯಾರೆಂಬುದೇ ಅವನಿಗೆ ಗೊತ್ತಿದ್ದಿರಲಾರದು.

ಅದೇ ತಾಣದಲ್ಲಿ ಪಾಸ್‌ವರ್ಡನ್ನೂ ಪರೀಕ್ಷಿಸಬಹುದು ಎಂದಾಗ ನಾನು ಹಿಂಜರಿದೆ. ಕಳ್ಳತನವಾಗಿದೆಯೇ ಎಂದು ತಿಳಿಯಲು ಬೀಗದ ಕೈಯನ್ನು ಅಪರಿಚಿತನ ಕೈಗೆ ಕೊಡುವುದೇ? ಅದು ನಡೆಯುವ ಬಗೆ ತಿಳಿದ ಮೇಲೆ ಸಮಾಧಾನವಾಯಿತು. ನಾವು ಬರೆದ ಪಾಸ್‌ವರ್ಡನ್ನು ನಮ್ಮ ಕಂಪ್ಯೂಟರಿನಲ್ಲೇ 40 ಅಕ್ಷರಗಳ ಒಂದು ಮುದ್ರೆಯಾಗಿ ಬದಲಿಸಿ, ಅದರ ಮೊದಲ ಐದು ಅಕ್ಷರಗಳನ್ನು ಮಾತ್ರ ಕಳಿಸಲಾಗುತ್ತದೆ. ಆ ಐದರಿಂದ ಶುರುವಾಗುವ ನೂರಾರು ಮುದ್ರೆಗಳ ಪಟ್ಟಿ ವಾಪಸು ಬರುತ್ತದೆ, ನಮ್ಮದು ಅದರಲ್ಲಿದೆಯೇ ಎಂದು ನಮ್ಮ ಕಂಪ್ಯೂಟರೇ ಹುಡುಕಿಕೊಳ್ಳುತ್ತದೆ. ನಾವು ಕೇಳಿದ್ದು ಯಾವುದೆಂದು ಅಲ್ಲಿಯವರಿಗೆ ತಿಳಿಯುವುದಿಲ್ಲ. ನಾನು ಬಹಳ ಜಾಣತನದಿಂದ ಹೆಣೆದಿದ್ದೇನೆಂದು ಹೆಮ್ಮೆಪಟ್ಟಿದ್ದ ಪಾಸ್‌ವರ್ಡ್, ಸೋರಿದ ರಾಶಿಯಲ್ಲಿ 37 ಸಲ ಇತ್ತು. ನನ್ನಷ್ಟೇ ಜಾಣರು ಇನ್ನೂ ಇದ್ದರು.

ಆ ಬಗೆಯ ಜಾಣತನ ಕಲಿಸಿದ್ದು ಕಚೇರಿಯ ನಿಯಮ: ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, 90 ದಿನಕ್ಕೊಮ್ಮೆ ಬದಲಾವಣೆ. ನಾನು ಪ್ರತಿ ಸಲ ಕೊನೆಯ ಅಂಕಿಯನ್ನು ಒಂದು ಹೆಚ್ಚಿಸುತ್ತಿದ್ದೆ, ಪಕ್ಕದ ಮೇಜಿನವರೂ ಅದನ್ನೇ ಮಾಡುತ್ತಿದ್ದರು. ಇಂಥ ನಿಯಮಗಳಿಗೆ ಆಧಾರವಾದ ಕೈಪಿಡಿಯನ್ನು 2003ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಗಾಗಿ ಬರೆದ ಬಿಲ್ ಬರ್ ಅವರೇ, ಅದರಲ್ಲಿ ಬಹುಪಾಲು ಸಲಹೆಗಳಿಗಾಗಿ ಈಗ ವಿಷಾದಿಸುವುದಾಗಿ 2017ರಲ್ಲಿ ಹೇಳಿದರು. ಅದೇ ವರ್ಷ ಆ ಸಂಸ್ಥೆಯೂ ತನ್ನ ಮಾರ್ಗಸೂಚಿಯನ್ನು ತಿದ್ದಿ, ಸೋರಿದ್ದಕ್ಕೆ ಪುರಾವೆಯಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಿಸುವಂತೆ ಒತ್ತಾಯಿಸಬಾರದು, ಉದ್ದವಾದ ಪಾಸ್‌ವರ್ಡ್‌ಗಳಿಗೆ ಅವಕಾಶವಿರಬೇಕು, ಸೋರಿದ ಪಟ್ಟಿಯಲ್ಲಿರುವುದನ್ನು ಒಪ್ಪಬಾರದು ಎಂದಿತು. ಕಚೇರಿಯ ನಿಯಮ ಮಾತ್ರ ಇವತ್ತಿಗೂ ಹಾಗೇ ಇದೆ.

141 ಖಾತೆಗಳಿಗೆ 141 ಬೇರೆ ಬೇರೆ ಪಾಸ್‌ವರ್ಡ್ ನೆನಪಿಡುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸವಾದ್ದರಿಂದ ಅವನ್ನೆಲ್ಲ ಒಂದೆಡೆ ಬೀಗ ಹಾಕಿಟ್ಟು, ಬೇಕಾದ ಪುಟದಲ್ಲಿ ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಒಂದನ್ನು ಹಾಕಿಕೊಂಡೆ. ಅದಕ್ಕೊಂದು ಮುಖ್ಯ ಪಾಸ್‌ವರ್ಡ್ ಬೇಕಲ್ಲ, ಅದನ್ನು ದಾಳ ಉರುಳಿಸಿ ಆರಿಸಿದೆ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ರೂಪಿಸಿದ 'ಡೈಸ್‌ವೇರ್' ಎಂಬ ಈ ಕ್ರಮದಲ್ಲಿ 7776 ಪದಗಳ ಪಟ್ಟಿಯೊಂದಿರುತ್ತದೆ; ಐದು ಸಲ ದಾಳ ಹಾಕಿ ಬಂದ ಐದು ಅಂಕಿಗಳು ಪಟ್ಟಿಯ ಒಂದು ಪದವನ್ನು ತೋರಿಸುತ್ತವೆ. ನಾನು ಮೂವತ್ತು ಸಲ ಹಾಕಿ ಆರು ಪದ ಪಡೆದೆ. ಹೀಗೆ ಸಿಗಬಹುದಾದ ಜೋಡಣೆಗಳ ಸಂಖ್ಯೆ ಎರಡರ ಮುಂದೆ ಇಪ್ಪತ್ತಮೂರು ಸೊನ್ನೆ ಬರೆದರೆ ಬರುವುದಕ್ಕಿಂತ ಹೆಚ್ಚು. ಮೂರನೆಯ ಪದ ನನಗೆ ಇಷ್ಟವಾಗದೆ, ಇನ್ನೊಮ್ಮೆ ಉರುಳಿಸೋಣವೆಂದು ಕೈ ಎತ್ತಿದೆ. ಆದರೆ ಇಷ್ಟಾನಿಷ್ಟ ನೋಡಿ ಆರಿಸತೊಡಗಿದರೆ ದಾಳದ ಕುರುಡುತನವೇ ಹೋಗುತ್ತದೆ, ಈ ಪದ್ಧತಿಯ ಬಲವಿರುವುದು ಆ ಕುರುಡುತನದಲ್ಲಿ. ಹಾಗಾಗಿ ಆ ಒರಟು ಪದವನ್ನು ಉಳಿಸಿಕೊಂಡೆ. ಆರು ಪದಗಳನ್ನೂ ಪೋಣಿಸಿ ಮನಸ್ಸಿನಲ್ಲೇ ಒಂದು ಅಸಂಬದ್ಧ ಕಥೆ ಕಟ್ಟಿದೆ. ನಾಲ್ಕು ದಿನಗಳಲ್ಲಿ ಬಾಯಿಪಾಠವಾಯಿತು. ಚೀಟಿಯಲ್ಲಿ ಬರೆದು ಮನೆಯ ದಾಖಲೆಗಳ ಜೊತೆಗೂ ಇಟ್ಟಿದ್ದೇನೆ. ಪಾಸ್‌ವರ್ಡ್ ಬರೆದಿಡಬಾರದೆಂದು ಕೇಳಿಕೊಂಡು ಬೆಳೆದವನಿಗೆ ಇದು ಕಷ್ಟವಾಯಿತು. ಆದರೆ ನನ್ನ ಖಾತೆಗೆ ನುಗ್ಗಿದವನು ನನ್ನ ಕಪಾಟಿನ ತನಕ ಬರಲಾರ.

ಮ್ಯಾನೇಜರಿನ ನಿಜವಾದ ಉಪಕಾರ ಗೊತ್ತಾದದ್ದು ತಿಂಗಳ ನಂತರ. ನಿಮ್ಮ ಮೇಲ್ ಖಾತೆಯ ಜಾಗ ತುಂಬಿದೆ, ಇವತ್ತೇ ಲಾಗಿನ್ ಆಗಿ ಸರಿಪಡಿಸದಿದ್ದರೆ ಪತ್ರಗಳು ಅಳಿಸಿಹೋಗುತ್ತವೆ ಎಂದು ಒಂದು ಸಂದೇಶ ಬಂತು. ಅವಸರದಲ್ಲಿದ್ದೆ, ಒತ್ತಿದೆ. ತೆರೆದ ಪುಟ ಅಚ್ಚುಕಟ್ಟಾಗಿತ್ತು, ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವೂ ಇತ್ತು. ಮ್ಯಾನೇಜರ್ ಮಾತ್ರ ಪಾಸ್‌ವರ್ಡ್ ತುಂಬಲಿಲ್ಲ. ಸಿಟ್ಟು ಬಂತು, ಮ್ಯಾನೇಜರನ್ನು ತೆರೆದು, ಪಾಸ್‌ವರ್ಡನ್ನು ಕಾಪಿ ಮಾಡಿ, ಅಂಟಿಸುವುದಕ್ಕೆ ಬೆರಳನ್ನೂ ತಂದೆ. ಆಗ ಹೊಳೆಯಿತು: ಅದು ತುಂಬದಿರುವುದು ಕೆಟ್ಟಿರುವುದರಿಂದಲ್ಲ, ಪುಟದ ವಿಳಾಸ ಬೇರೆಯಾಗಿರುವುದರಿಂದ. ನನ್ನ ಕಣ್ಣು ಬಣ್ಣ ಮತ್ತು ಲಾಂಛನ ನೋಡಿ ನಂಬಿತ್ತು, ಅದು ಅಕ್ಷರ ನೋಡಿ ನಂಬಿರಲಿಲ್ಲ. ಬೀಗದ ಚಿತ್ರ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂಬುದನ್ನಷ್ಟೇ, ಆ ತುದಿಯಲ್ಲಿ ಕುಳಿತಿರುವವನು ಸಾಚಾ ಎಂಬುದನ್ನಲ್ಲ. ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರ್ ಆ ಚಿತ್ರವನ್ನು ಕೈಬಿಟ್ಟಿತು.

ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೆಯ ಹಂತದ ಕೋಡನ್ನು ಖಾತೆಗಳಿಗೆ ಹಾಕುವಾಗ ಒಂದು ಸಣ್ಣ ಪಜೀತಿ. ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಬೇಡವೆಂದು ನಿರ್ಧರಿಸಿದ್ದೆ, ಏಕೆಂದರೆ ಫೋನ್ ಕಂಪನಿಯವರನ್ನು ಏಮಾರಿಸಿ ನಮ್ಮ ನಂಬರನ್ನು ಬೇರೆ ಸಿಮ್‌ಗೆ ಹಾಕಿಸಿಕೊಂಡರೆ ಕೋಡೂ ಅಲ್ಲಿಗೇ ಹೋಗುತ್ತದೆ. 2019ರಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ ಅವರ ಸ್ವಂತ ಟ್ವಿಟರ್ ಖಾತೆಯೇ ಹೀಗೆ ನಂಬರ್ ಕೈತಪ್ಪಿ ಬೇರೆಯವರ ವಶವಾಗಿತ್ತು. ಹಾಗಾಗಿ ಕೋಡ್ ತೋರಿಸುವ ಆ್ಯಪ್ ಹಾಕಿದೆ. ಅದು ತೋರಿಸಿದ ಆರಂಕಿಯನ್ನು ಎಷ್ಟು ಸಲ ಬರೆದರೂ ತಾಣ ಒಪ್ಪಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು, ನನ್ನ ಫೋನಿನ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಕಚೇರಿಗೆ ತಡವಾಗದಿರಲೆಂದು ನಾನೇ ಹಾಗೆ ಇಟ್ಟುಕೊಂಡಿದ್ದೆ. ಈ ಆ್ಯಪ್‌ಗಳು ಆರಂಭದಲ್ಲಿ ಕೊಟ್ಟ ಒಂದು ಗುಟ್ಟನ್ನೂ ಆಗಿನ ಸಮಯವನ್ನೂ ಕೂಡಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ಹುಟ್ಟಿಸುತ್ತವೆ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ, ಗಡಿಯಾರ ತಪ್ಪಿದ್ದರೆ ನಡೆಯುವುದಿಲ್ಲ. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಆ ಚೀಟಿಯ ಜೊತೆಗೇ ಇಟ್ಟೆ.

ಭದ್ರತಾ ಪ್ರಶ್ನೆಗಳ ವಿಷಯಕ್ಕೆ ಬಂದರೆ, ಅವುಗಳ ಬಗ್ಗೆ ನನಗೆ ಈಗ ಯಾವ ಗೌರವವೂ ಉಳಿದಿಲ್ಲ. ತಾಯಿಯ ತವರಿನ ಮನೆತನದ ಹೆಸರೇನು, ಮೊದಲು ಓದಿದ ಶಾಲೆ ಯಾವುದು, ಸಾಕಿದ ನಾಯಿಯ ಹೆಸರೇನು? ಮೂರಕ್ಕೂ ಉತ್ತರ ನನ್ನ ಸಾಮಾಜಿಕ ಜಾಲತಾಣದ ಪುಟದಲ್ಲಿ ಫೋಟೋ ಸಹಿತ ಇತ್ತು. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಇಮೇಲ್ ಖಾತೆಗೆ ವಿದ್ಯಾರ್ಥಿಯೊಬ್ಬ ನುಗ್ಗಿದ್ದು, ಅವರ ಬಗ್ಗೆ ಎಲ್ಲರಿಗೂ ಸಿಗುವ ಮಾಹಿತಿಯನ್ನು ಹುಡುಕಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ. ನಾನೀಗ ಈ ಪ್ರಶ್ನೆಗಳಿಗೆ ಸುಳ್ಳನ್ನೇ ಬರೆಯುತ್ತೇನೆ. ಪ್ರತಿ ತಾಣಕ್ಕೆ ಬೇರೆ ಸುಳ್ಳು, ಎಲ್ಲವೂ ಮ್ಯಾನೇಜರಿನಲ್ಲಿ ದಾಖಲು. ಒಂದು ಸಲ ಸಹಾಯವಾಣಿಯವರು ನಾಯಿಯ ಹೆಸರು ಕೇಳಿದಾಗ, ಅರ್ಥವಿಲ್ಲದ ಹದಿನೆಂಟು ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಬೇಕಾಯಿತು. ಆ ಕಡೆಯವರು ಒಂದು ಗಳಿಗೆ ಸುಮ್ಮನಿದ್ದು, "ಸರಿ ಸರ್, ಹೊಂದುತ್ತೆ" ಎಂದರು.

ಖಾತೆಗಳನ್ನು ಮುಚ್ಚುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಸೇರುವುದಕ್ಕೆ ಎದ್ದು ಕಾಣುವ ಗುಂಡಿ, ಬಿಡುವುದಕ್ಕೆ ಸಹಾಯ ಪುಟದ ಐದನೆಯ ಪದರದಲ್ಲಿ ಬೂದು ಅಕ್ಷರದ ಸಾಲು. ಅಳಿಸಲು ಬಾರದ ಕಡೆ, ಇದ್ದ ಹೆಸರು, ಹುಟ್ಟಿದ ದಿನ, ವಿಳಾಸಗಳನ್ನು ಬದಲಿಸಿ ಬಂದೆ. ಒಂದು ತಾಣದವರು ನನ್ನ ಖಾತೆ ಅಳಿಸಲು ಸರ್ಕಾರಿ ಗುರುತಿನ ಚೀಟಿಯ ಫೋಟೋ ಕೇಳಿದರು. ನನ್ನ ಹೆಸರು ಮತ್ತು ಇಮೇಲ್ ಬಿಟ್ಟು ಬೇರೇನೂ ಅವರ ಬಳಿ ಇರಲಿಲ್ಲ. ಇರುವುದನ್ನು ಅಳಿಸಿಕೊಳ್ಳಲು ಇಲ್ಲದ್ದನ್ನು ಕೊಡಬೇಕಿತ್ತು. ಆ ಇಮೇಲ್‌ನಿಂದಲೇ ಬರೆಯುತ್ತಿದ್ದೇನೆ, ಅದಕ್ಕಿಂತ ಹೆಚ್ಚಿನ ಪುರಾವೆ ಏಕೆ ಬೇಕೆಂದು ಮೂರು ಪತ್ರ ಬರೆದ ಮೇಲೆ ಸುಮ್ಮನೆ ಅಳಿಸಿದರು.

ಹೆಸರು ಕೊಡದಿದ್ದರಾಯಿತು, ಹುಟ್ಟಿದ ದಿನ, ಪಿನ್ ಕೋಡ್ ಇವೆಲ್ಲ ಕೊಟ್ಟರೇನು ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡವನು. ಅಂಚೆ ಸಂಖ್ಯೆ, ಹುಟ್ಟಿದ ತಾರೀಖು, ಲಿಂಗ, ಈ ಮೂರೇ ಸೇರಿದರೆ ಅಮೆರಿಕದ ಜನರಲ್ಲಿ ಶೇ. 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದೆಂದು ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ಅಂದಾಜು ಮಾಡಿದ್ದರು. ಅದನ್ನು ಓದಿದ ಮೇಲೆ, ಕಡ್ಡಾಯವೆಂದು ನಕ್ಷತ್ರ ಹಾಕಿರದ ಯಾವ ಕಾಲಂ ಅನ್ನೂ ನಾನು ತುಂಬುತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಸರಿಪಡಿಸಲು ಆಗದ ಒಂದು ಭಾಗವಿದೆ. ಹಳೆಯ ಖಾತೆಯಲ್ಲಿ ಅಟ್ಯಾಚ್‌ಮೆಂಟ್ ಇರುವ ಪತ್ರಗಳನ್ನು ಹುಡುಕಿದಾಗ, ಪ್ರಿಂಟ್ ತೆಗೆಸಲು ಅನುಕೂಲವಾಗಲೆಂದು ನನಗೆ ನಾನೇ ಕಳಿಸಿಕೊಂಡ ಸ್ಕ್ಯಾನ್‌ಗಳು ಸಾಲಾಗಿ ಬಂದವು: ಗುರುತಿನ ಚೀಟಿ, ಅಂಕಪಟ್ಟಿ, ಸಹಿ ಮಾಡಿದ ಅರ್ಜಿಗಳು, ತಂದೆಯವರ ಬ್ಯಾಂಕ್ ಪುಸ್ತಕದ ಮೊದಲ ಪುಟ. ಪಾಸ್‌ವರ್ಡ್ ಬದಲಿಸಬಹುದು, ಹುಟ್ಟಿದ ದಿನ ಬದಲಿಸಲಾಗದು. ಅವನು ಇವನ್ನು ನೋಡಿದನೋ ಇಲ್ಲವೋ. ನೋಡಿ ಇಳಿಸಿಕೊಂಡಿದ್ದಾನೆಂದೇ ಲೆಕ್ಕ ಹಿಡಿದು, ಯಾವ ಯಾವ ದಾಖಲೆ ಇತ್ತೆಂದು ಪಟ್ಟಿ ಮಾಡಿ ಪೊಲೀಸ್ ದೂರಿಗೆ ಲಗತ್ತಿಸಿದೆ, ಬ್ಯಾಂಕುಗಳಿಗೆ ಬರೆದು ತಿಳಿಸಿದೆ, ನನ್ನ ಹೆಸರಿನಲ್ಲಿ ಹೊಸ ಸಾಲಕ್ಕೆ ಅರ್ಜಿ ಬಿದ್ದರೆ ತಿಳಿಯುವಂತೆ ಎಚ್ಚರಿಕೆ ಹಾಕಿಸಿದೆ. ತಂದೆಯವರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ, "ನನ್ನ ಕಾಗದ ನೀನು ಇನ್ನೂ ಎಲ್ಲೆಲ್ಲಿ ಇಟ್ಟಿದ್ದೀಯಪ್ಪಾ?" ಎಂದಷ್ಟೇ ಕೇಳಿದರು. ಅದಕ್ಕೆ ಪೂರ್ತಿ ಉತ್ತರ ನನಗೆ ಗೊತ್ತಿರಲಿಲ್ಲ. ಆ ವಾರ ಲ್ಯಾಪ್‌ಟಾಪ್, ಫೋನ್, ಹಳೆಯ ಪೆನ್‌ಡ್ರೈವ್‌ಗಳಲ್ಲಿ ಅವರ ಹೆಸರಿನ ಕಾಗದಗಳನ್ನು ಹುಡುಕಿ, ಬೇಡವಾದವನ್ನು ಅಳಿಸಿ, ಉಳಿದವುಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟೆ.

ಕೊನೆಗೆ ಆ ಹಳೆಯ ಖಾತೆಯನ್ನೇ ಮುಚ್ಚಿಬಿಡೋಣವೆಂದು ಹೊರಟೆ. ಮುಚ್ಚುವ ಮೊದಲು ಓದಿಕೊಂಡದ್ದು ಒಳ್ಳೆಯದಾಯಿತು: ಮುಚ್ಚಿದ ಅಥವಾ ಬಹುಕಾಲ ಬಳಸದ ವಿಳಾಸವನ್ನು ಕೆಲವು ಸೇವೆಗಳು ಮತ್ತೊಬ್ಬರಿಗೆ ಕೊಟ್ಟದ್ದುಂಟು, ಯಾಹೂ 2013ರಲ್ಲಿ ಹಾಗೆ ಮಾಡಿತ್ತು. ಹಾಳೆಯ ಮೇಲಿನ ಬಾಣಗಳನ್ನೆಲ್ಲ ನಾನು ಅಳಿಸಿದ್ದೇನೆ, ಆದರೆ ನನ್ನ ಲೆಕ್ಕಕ್ಕೆ ಸಿಗದ 142ನೆಯ ಖಾತೆಯೊಂದು ಎಲ್ಲೋ ಇದ್ದರೆ ಅದರ ಕೋಡ್ ಇನ್ನೂ ಈ ವಿಳಾಸಕ್ಕೇ ಬರುತ್ತದೆ. ಆದ್ದರಿಂದ ಒಳಗಿನ ಪತ್ರಗಳನ್ನೆಲ್ಲ ಇಳಿಸಿಕೊಂಡು, ಖಾತೆಯನ್ನು ಬರಿದು ಮಾಡಿ, ಗಟ್ಟಿ ಬೀಗ ಹಾಕಿ ಉಳಿಸಿಕೊಂಡಿದ್ದೇನೆ. ಎರಡು ತಿಂಗಳಿಗೊಮ್ಮೆ ಲಾಗಿನ್ ಆಗಿ, ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟಗಳನ್ನು ನೋಡಿ ಹೊರಬರುತ್ತೇನೆ. ಹೋದ ಸಲ ಅಲ್ಲಿ ಒಂದೇ ಒಂದು ಪತ್ರವಿತ್ತು, ನಾನು ಎಂದೋ ಸೇರಿ ಮರೆತಿದ್ದ ಆಟದ ತಾಣವೊಂದರದು: ನಿಮ್ಮನ್ನು ನೋಡಿ ಬಹಳ ದಿನವಾಯಿತು, ಒಮ್ಮೆ ಬನ್ನಿ ಎಂದಿತ್ತು. ಹೋಗಿ, ಖಾತೆ ಅಳಿಸಿ ಬಂದೆ.